ಬಾಯಾರಿಸಿ ಅರಳಿಸುವ ಮಲ್ಲಿಗೆ

ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಗದಗ ಜಿಲ್ಲೆ ಮುಗಿದು ಹೂವಿನಹಡಗಲಿ ಸೀಮೆ ಶುರುವಾಗುತ್ತದೆ. ಹೊಲಗಳೆಲ್ಲ ಬರಿದಾಗಿ ಬಿಸಿಗಾಳಿ ಬೀಸುವ ದಿನಗಳಲ್ಲೇ ಅಲ್ಲಿ ಮಲ್ಲಿಗೆಯ ಸುಗ್ಗಿ. ಮೈಸೂರು, ಉಡುಪಿ ಮಲ್ಲಿಗೆಗಳ ಜೊತೆ ಹಡಗಲಿ ಮಲ್ಲಿಗೆಗೂ 2007-08ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಂದ ಹಂಪಿಗೆ ಹೂವು ಹೋಗುತ್ತಿತ್ತೆಂದು ಜನ ಹೇಳುತ್ತಾರೆ. ನದಿ ಹರಿಯುವುದೂ ಅತ್ತಲೇ, ನಂಬಲು ಅಡ್ಡಿಯಿಲ್ಲ.

ಇಂಥ ಬಿಸಿಲಲ್ಲಿ ಹೂ ಬಿಡುವ ಗಿಡಕ್ಕೆ ವರ್ಷವಿಡೀ ನೀರು ಬೇಕೆಂದು ಯಾರಾದರೂ ಅಂದುಕೊಂಡಾರು. ಬೆಳೆಗಾರರು ಮಾಡುವುದು ಉಲ್ಟಾ. ಚಳಿಗಾಲದಲ್ಲಿ, ಜಾತಿ ನೋಡಿಕೊಂಡು ನವೆಂಬರ್ ಕೊನೆಯಿಂದ ಜನವರಿಯೊಳಗೆ, ಮೊದಲು ನೀರು ನಿಲ್ಲಿಸುತ್ತಾರೆ. ಗಿಡ ಸೊರಗಿ ಬೆಳವಣಿಗೆ ನಿಂತ ಮೇಲೆ ಮೊಣಕಾಲೆತ್ತರಕ್ಕೆ ಸವರುತ್ತಾರೆ. ಒಣಗಿದ ಕಡ್ಡಿ, ರೋಗದ ಕೊಂಬೆ ಯಾವುದನ್ನೂ ಉಳಿಸುವುದಿಲ್ಲ. ಆಮೇಲೆ ಬುಡ ಅಗೆದು, ತಿಪ್ಪೆಗೊಬ್ಬರ ಕೊಟ್ಟು ನೀರು ಬಿಡುತ್ತಾರೆ.

ಈ ನಿರ್ದಯೆಗೆ ಕಾರಣವಿದೆ. ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನಲ್ಲಿ, ಹಳೆಯ ಕಟ್ಟಿಗೆಯಲ್ಲಲ್ಲ. ಕೊಂಬೆಯ ತುದಿ ಇರುವತನಕ ಅಲ್ಲಿ ತಯಾರಾಗುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಪಕ್ಕದ ಕಣ್ಣುಗಳನ್ನು ಒಡೆಯಗೊಡುವುದಿಲ್ಲ. ತುದಿ ಹೋಯಿತೋ, ಮಲಗಿದ್ದ ಕಣ್ಣುಗಳೆಲ್ಲ ಒಟ್ಟಿಗೆ ಏಳುತ್ತವೆ. ವಿಶ್ರಾಂತಿಯ ಕಾಲದಲ್ಲಿ ಬೇರು, ಕಾಂಡಗಳಲ್ಲಿ ಉಳಿದ ಆಹಾರವೆಲ್ಲ ಅವುಗಳ ಪಾಲು. ಒಂದು ಕೊಂಬೆಯಿದ್ದಲ್ಲಿ ಹಲವು ಚಿಗುರು, ಚಿಗುರು ಹೆಚ್ಚಿದಷ್ಟೂ ಮೊಗ್ಗು.

ಅಮೆರಿಕದ ಪೂರ್ವ ಭಾಗದ ಮೂಲದ ಫ್ಲಾಕ್ಸ್ ಕೂಡ ಬೇಸಿಗೆಯದೇ ಹೂವು, ಹೊಸ ಕಾಂಡದ ತುದಿಯಲ್ಲೇ ಗೊಂಚಲು ಬಿಡುತ್ತದೆ. ಅಲ್ಲಿ ಅದನ್ನು ನೆಲಮಟ್ಟಕ್ಕೆ ಒಣಗಿಸಿ ಮಲಗಿಸುವ ಕೆಲಸ ಹಿಮಗಾಲದ್ದು. ಅಂಥ ಚಳಿ ಇಲ್ಲದ ತುಂಗಭದ್ರೆಯ ದಂಡೆಯಲ್ಲಿ ರೈತನ ಕತ್ತರಿಯೇ ಹಿಮಗಾಲ.

ಮನೆಯಂಗಳದ ಮಲ್ಲಿಗೆ ಹೂ ಬಿಡದಿರುವುದಕ್ಕೆ ಬಹಳ ಸಲ ಅತಿ ಆರೈಕೆಯೇ ಕಾರಣ. ದಿನಾ ನೀರು, ಮೇಲೆ ಕೈತುಂಬ ಯೂರಿಯಾ, ಮಾವಿನ ಮರದ ನೆರಳು: ಎಲೆ ಹಚ್ಚಗೆ ದಟ್ಟವಾಗುತ್ತದೆ, ಮೊಗ್ಗು ಮಾತ್ರ ಕಾಣುವುದಿಲ್ಲ. ಇಡೀ ದಿನ ಬಿಸಿಲು ಬೀಳುವ, ನೀರು ಬಸಿದು ಹೋಗುವ ಮಸಾರಿ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಎರೆಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಮೊಗ್ಗು ಬಂದ ಮೇಲೆ ಮಾತ್ರ ನೀರಿಗೆ ಕೊರತೆ ಮಾಡಬಾರದು.

ನಸುಕಿನಲ್ಲಿ ಬಿಡಿಸಿದ ಮೊಗ್ಗನ್ನು ಕೈಯಲ್ಲಿ ಹಿಡಿದು ಮೂಸಿ. ಬಿಳಿಯ ದಳಗಳು ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡಿರುತ್ತವೆ, ಘಮ ಇಲ್ಲವೆನ್ನುವಷ್ಟು ಕಡಿಮೆ. ಸಂಜೆಗೆ ಅದೇ ಮೊಗ್ಗು ಮಾಲೆಯಲ್ಲಿದ್ದುಕೊಂಡೇ ಅರಳಿ ಕೋಣೆಯನ್ನೆಲ್ಲ ತುಂಬುತ್ತದೆ. ಗಿಡದಿಂದ ಬೇರೆಯಾದ ಮೇಲೂ ದಳದ ಜೀವಕೋಶಗಳು ಪರಿಮಳದ ರಾಸಾಯನಿಕಗಳನ್ನು ತಯಾರಿಸುತ್ತಲೇ ಇರುತ್ತವೆ. ಫ್ರಾನ್ಸಿನ ಅತ್ತರು ತಯಾರಕರು ಹಿಂದೆ ಮಲ್ಲಿಗೆ ಜಾತಿಯ ಹೂಗಳನ್ನು ಕೊಬ್ಬು ಸವರಿದ ಗಾಜಿನ ಮೇಲೆ ಹರಡಿ, ಅವು ಬಿಡುವ ಕಂಪನ್ನು ಆ ಕೊಬ್ಬಿಗೆ ಹೀರಿಸಿಕೊಳ್ಳುತ್ತಿದ್ದುದು ಇದೇ ಗುಣವನ್ನು ನಂಬಿ. ಬಿಳಿ ಬಣ್ಣ, ಉದ್ದ ನಳಿಕೆ, ಸಂಜೆಯ ಸುವಾಸನೆ ಮೂರೂ ಇರುಳು ಹಾರುವ ಪತಂಗಗಳಿಗೆ ಕರೆ. ಮುಡಿ, ದೇವರು, ಮದುವೆ ಎಲ್ಲ ನಮ್ಮ ಲೆಕ್ಕ.

ಆ ಪರಿಮಳದಲ್ಲಿ ಮೀಥೈಲ್ ಜಾಸ್ಮೊನೇಟ್ ಎಂಬುದೊಂದು ಇದೆ. ಮಲ್ಲಿಗೆ ಜಾತಿಯ ಎಣ್ಣೆಯಲ್ಲಿ ಅದನ್ನು ಗುರುತಿಸಿದ್ದು 1962ರಲ್ಲಿ. ಅದು ಬರೀ ಘಮವಲ್ಲ ಎಂದು ಗೊತ್ತಾಗಲು ದಶಕಗಳೇ ಬೇಕಾದವು. ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್ ಎಂಬ ವಿಜ್ಞಾನಿಗಳು ಟೊಮೆಟೊ ಗಿಡಗಳಿಗೆ ಗಾಳಿಯಲ್ಲೇ ಇದನ್ನು ಸೋಕಿಸಿ, ಹುಳುಗಳ ಜೀರ್ಣಶಕ್ತಿ ಕೆಡಿಸುವ ಪ್ರೋಟೀನುಗಳನ್ನು ಆ ಗಿಡಗಳು ತಯಾರಿಸುವುದನ್ನು 1990ರಲ್ಲಿ ತೋರಿಸಿಕೊಟ್ಟರು. ಎಲೆಗೆ ಹುಳ ಬಾಯಿ ಹಾಕಿದರೆ ಗಿಡದೊಳಗೆ ಎಚ್ಚರಿಕೆ ಹಬ್ಬಿಸುವುದೂ ಈ ಬಳಗದ ರಾಸಾಯನಿಕಗಳೇ.

ಇಷ್ಟಿದ್ದೂ ಮೊಗ್ಗು ಕೊರೆಯುವ ಹುಳದ ಮುಂದೆ ಮಲ್ಲಿಗೆ ಸೋಲುತ್ತದೆ. ಬಿಳಿಯಿರಬೇಕಾದ ಮೊಗ್ಗು ನೇರಳೆಗೆ ತಿರುಗಿದರೆ ಒಳಗೆ ಹುಳ ಕೂತಿದೆಯೆಂದೇ ತಿಳಿಯಬೇಕು. ಸಣ್ಣ ನೊಣವೊಂದರ ಮರಿಗಳೂ ಹೀಗೇ ಮೊಗ್ಗು ಕೆಡಿಸಿ, ಕೋಶಾವಸ್ಥೆಗೆ ಮಣ್ಣಿಗಿಳಿಯುತ್ತವೆ. ಅಂಥ ಮೊಗ್ಗುಗಳನ್ನು ಆರಿಸಿ ಸುಟ್ಟು, ಬುಡದ ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಒಡ್ಡಿದರೆ ಔಷಧಿ ಹೊಡೆಯುವ ಖರ್ಚು ಎಷ್ಟೋ ಉಳಿಯುತ್ತದೆ.