ಕೋಲಿನ ರಾಕೆಟ್ಟು: ಸಾಮ್ಯ ಮತ್ತು ಸಂಬಂಧ

ಯುದ್ಧವಿಮಾನಗಳ ರಾಕೆಟ್ಟುಗಳ ಚರಿತ್ರೆಯಲ್ಲಿ ಬಹುತೇಕ ಮರೆಯಾಗಿರುವ ಅಧ್ಯಾಯವೊಂದಿದೆ. ಫ್ರಾನ್ಸಿನ ನೌಕಾಧಿಕಾರಿ ಈವ್ ಲ ಪ್ರಿಯರ್ ರೂಪಿಸಿದ ರಾಕೆಟ್ಟು ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ ಬಳಕೆಗೆ ಬಂದಿತು. ರಟ್ಟಿನ ಕೊಳವೆಯೊಳಗೆ ಕರಿಮದ್ದು, ಶಂಕುವಿನಾಕಾರದ ಮರದ ತಲೆ, ಅದಕ್ಕೆ ಸಿಕ್ಕಿಸಿದ ಚೂಪಾದ ಅಲಗು, ಹಿಂಬದಿಗೆ ನೀಳವಾದ ಕೋಲು: ಇಷ್ಟೇ ಅದರ ರಚನೆ. ಜೋಡಿರೆಕ್ಕೆಯ ನ್ಯೂಪೋರ್ ವಿಮಾನದ ರೆಕ್ಕೆಗಳ ನಡುವಣ ಆಧಾರಕಂಬಗಳಿಗೆ ಇವುಗಳನ್ನು ಜೋಡಿಸಿ, ವಿದ್ಯುತ್ತಿನಿಂದ ಹೊತ್ತಿಸಿ, ಶತ್ರುಪಡೆಯ ವೀಕ್ಷಣಾ ಬಲೂನುಗಳ ಮೇಲೆ ಹಾರಿಸಲಾಗುತ್ತಿತ್ತು. ವರ್ದೂನ್ ಕದನದಲ್ಲಿ 1916ರ ಮೇ 22ರಂದು ಇವು ಬಲೂನುಗಳನ್ನು ಸುಟ್ಟವು. ಆದರೆ ಗುರಿ ತಪ್ಪದಿರಲು ವಿಮಾನವು ಬಲೂನಿಗೆ ಸುಮಾರು ನೂರು ಮೀಟರಿನಷ್ಟು ಸಮೀಪಿಸಬೇಕಿತ್ತು. ಬೆಂಕಿ ಹೊತ್ತಿಸುವ ಗುಂಡುಗಳು ಬಂದೊಡನೆ ಈ ರಾಕೆಟ್ಟು ಮೂಲೆಗುಂಪಾಯಿತು.

ಕರ್ನಾಟಕದ ಓದುಗರಿಗೆ ಈ ಕೋಲು ಅಪರಿಚಿತವಲ್ಲ. ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯದ ರಾಕೆಟ್ಟುಗಳಿಗೂ ಬಾಲವಿತ್ತು. ಇಂಗ್ಲೆಂಡಿನ ವುಲಿಚ್‌ನಲ್ಲಿ ಸಂರಕ್ಷಿಸಲಾದ ಮೈಸೂರಿನ ಎರಡು ರಾಕೆಟ್ಟುಗಳ ಅಳತೆಗಳನ್ನು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರ ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಒಂದರ ಕಬ್ಬಿಣದ ಕೊಳವೆ ಸುಮಾರು 25 ಸೆಂ.ಮೀ. ಉದ್ದವಿದ್ದು, ಚರ್ಮದ ಪಟ್ಟಿಯಿಂದ ಖಡ್ಗದ ಅಲಗಿಗೆ ಬಿಗಿಯಲ್ಪಟ್ಟಿದೆ. ಇನ್ನೊಂದನ್ನು ಸುಮಾರು 1.9 ಮೀಟರ್ ಉದ್ದದ ಬಿದಿರಿಗೆ ಕಟ್ಟಲಾಗಿದೆ.

ಹಾಗಾದರೆ ಫ್ರೆಂಚ್ ವಿಮಾನದ ರಾಕೆಟ್ಟು ಮೈಸೂರಿನ ಸಂತತಿಯೇ? ಜಾನಪದ ಅಧ್ಯಯನಕ್ಕೆ ಈ ಪ್ರಶ್ನೆ ಹೊಸತಲ್ಲ. ಒಂದೇ ಕಥೆ ಎರಡು ನಾಡುಗಳಲ್ಲಿ ದೊರೆತಾಗ ಅದು ಪ್ರಸರಣದ ಫಲವೋ ಸ್ವತಂತ್ರ ಹುಟ್ಟೋ ಎಂದು ವಿದ್ವಾಂಸರು ಕೇಳುತ್ತ ಬಂದಿದ್ದಾರೆ. ಸಾಮ್ಯವೊಂದೇ ಸಂಬಂಧಕ್ಕೆ ಸಾಕ್ಷಿಯಾಗದು. ನಡುವಿನ ಕೊಂಡಿಗಳು ದೊರೆಯಬೇಕು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು; ವಿಲಿಯಂ ಕಾಂಗ್ರೀವ್ ರೂಪಿಸಿದ ರಾಕೆಟ್ಟುಗಳನ್ನು 1806ರಲ್ಲಿ ಬೊಲೋನ್, 1807ರಲ್ಲಿ ಕೋಪನ್‌ಹೇಗನ್ ಮೇಲೆ ಪ್ರಯೋಗಿಸಲಾಯಿತು. ಇಲ್ಲಿಯವರೆಗಿನ ಕೊಂಡಿ ಗಟ್ಟಿ. ಆದರೆ 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ಬಿಟ್ಟು, ತನ್ನಷ್ಟಕ್ಕೆ ತಿರುಗುತ್ತ ಸಾಗುವ ರಾಕೆಟ್ಟನ್ನು ರೂಪಿಸಿದನು. ಯುರೋಪಿನ ಬಾಣಬಿರುಸುಗಳಲ್ಲಾದರೋ ಕೋಲು ಮೊದಲಿನಿಂದಲೂ ಇತ್ತು. ಹಿಂದಕ್ಕೆ ಚಾಚಿದ ಕೋಲು ಹಾರುವ ಕೊಳವೆಯ ತಲೆಯನ್ನು ಮುಂದಕ್ಕೇ ಹಿಡಿಯುತ್ತದೆ. ಅಗತ್ಯ ಒಂದೇ ಆದಾಗ ಪರಿಹಾರವೂ ಒಂದೇ ಆಗಬಹುದು. ಆದ್ದರಿಂದ 1916ರ ಕೋಲನ್ನು ನೇರವಾಗಿ ಮೈಸೂರಿಗೆ ಕಟ್ಟುವುದು ಅಭಿಮಾನವಾದೀತೇ ಹೊರತು ಸಂಶೋಧನೆಯಾಗದು.

ಇದೇ ಎಚ್ಚರ ಸ್ಥಳೀಯ ಆಕರಗಳಿಗೂ ಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಗಳ ಮೇಲೆ 1780ರ ಪೊಳ್ಳಿಲೂರು ಕದನದ ಚಿತ್ರವಿದೆ; ಆದರೆ ಅದು ಹಲವು ಬಾರಿ ಪುನಃ ಬಣ್ಣ ಕಂಡಿರುವುದರಿಂದ ಅದರ ವಿವರಗಳನ್ನೆಲ್ಲ ಸಮಕಾಲೀನ ಸಾಕ್ಷ್ಯವೆನ್ನಲಾಗದು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರನ್ನು ರಾಕೆಟ್ಟು ತಯಾರಿಕೆಯೊಂದಿಗೆ ಜೋಡಿಸುವ ವಾಡಿಕೆಯಿದೆ. ಸ್ಥಳನಾಮವು ಶೋಧದ ದಾರಿಯನ್ನು ತೋರುತ್ತದೆ, ತೀರ್ಪನ್ನು ಕೊಡುವುದಿಲ್ಲ. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯ ಸಾಕ್ಷ್ಯ ಬೇರೆ ಬಗೆಯದು. 2002ರಲ್ಲಿ ಅಲ್ಲಿ ನೂರಕ್ಕೂ ಹೆಚ್ಚು, 2018ರ ಉತ್ಖನನದಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ದೊರೆತವು. 2018ರಲ್ಲಿ ದೊರೆತವುಗಳ ಉದ್ದ 23ರಿಂದ 26 ಸೆಂ.ಮೀ.; ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿತ್ತೆಂದು ವರದಿಯಾಗಿದೆ. ವುಲಿಚ್‌ನ ದೊಡ್ಡ ಕೊಳವೆಯ ಅಳತೆಯೂ ಇದೇ ಮಿತಿಯೊಳಗೆ ಬರುತ್ತದೆ. ಸಮುದ್ರದಾಚೆಯ ಸಂಗ್ರಹಾಲಯದ ವಸ್ತುವಿಗೆ ಮಲೆನಾಡಿನ ಬಾವಿ ಹೀಗೆ ಸಾಕ್ಷಿ ನುಡಿಯುತ್ತದೆ.

ಕಾಂಗ್ರೀವ್, ಹೇಲ್, ಲ ಪ್ರಿಯರ್ ಇವರ ಹೆಸರುಗಳು ಅವರವರ ರಾಕೆಟ್ಟುಗಳಿಗೆ ಅಂಟಿಕೊಂಡಿವೆ. ನಗರದ ಬಾವಿಯ ಕೊಳವೆಗಳನ್ನು ಬಡಿದ ಕಮ್ಮಾರರ ಹೆಸರು ಯಾವ ಕೊಳವೆಯ ಮೇಲೂ ಇಲ್ಲ. ಕಬ್ಬಿಣದ ದಪ್ಪ, ಬೆಸುಗೆಯ ಕ್ರಮ, ಕೊಳವೆಯ ಬಾಯಿಯನ್ನು ಮುಚ್ಚಿದ ರೀತಿ: ಅವರು ಉಳಿಸಿಹೋದ ಬರಹ ಇದೊಂದೇ. ಸಾಮ್ಯದ ಬೆರಗನ್ನು ಬದಿಗಿಟ್ಟು ಈ ಬರಹವನ್ನು ಓದಿದಾಗ ಮಾತ್ರ ಆ ಕುಶಲಿಗಳಿಗೆ ಚರಿತ್ರೆಯಲ್ಲಿ ಸಲ್ಲಬೇಕಾದ ಸ್ಥಾನ ದೊರೆತೀತು.