ಮರಳು ಕುಣಿಯುವ ಮಡು

ನಮ್ಮ ಜಗಳೂರು ಸೀಮೆಯಲ್ಲಿ ನೀರಿನ ಸದ್ದು ಅಂದರೆ ಟ್ಯಾಂಕರ್ ಬಂದ ಸದ್ದು, ಕೊಡಗಳು ಒಂದಕ್ಕೊಂದು ತಾಗುವ ಸದ್ದು, ಬತ್ತಿದ ಬೋರ್‌ವೆಲ್ ಗಾಳಿ ಉಗುಳುವ ಸದ್ದು. ಅಂಥ ಊರಲ್ಲಿ ಹುಟ್ಟಿ ಬೆಳೆದವನ ಕಿವಿಗೆ, ಶಿವರಾತ್ರಿ ಕಳೆದ ಮೇಲೆ, ತೇಗದ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತ ಕಾಡಿನ ನಡುವೆ, ಯಾರ ಹಂಗೂ ಇಲ್ಲದೆ ತನ್ನಷ್ಟಕ್ಕೆ ಹರಿಯುತ್ತಿರುವ ನೀರಿನ ಸದ್ದು ಬಿದ್ದರೆ ಏನಾಗಬೇಡ! ನಾನು ಕಾಲು ಎತ್ತಿಡುವುದನ್ನೇ ಮರೆತು ನಿಂತುಬಿಟ್ಟೆ. ಮುಂದೆ ಹೋಗುತ್ತಿದ್ದ ಸೋದರಮಾವ ತಿರುಗಿ ನೋಡಿದರು. ‘ಕೇಳ್ತಾ ಅಳಿಯಾ?’ ಹೂಂ ಅನ್ನುವುದಕ್ಕೂ ನನ್ನ ಗಂಟಲಿಂದ ದನಿ ಹೊರಡಲಿಲ್ಲ.

ಅವತ್ತು ಬೆಳಿಗ್ಗೆ ನಾವು ಹೊರಟಿದ್ದು ತೀರ್ಥರಾಮೇಶ್ವರಕ್ಕೆ. ನ್ಯಾಮತಿ ಬಿಟ್ಟು ಬೆಳಗುತ್ತಿಯ ಕಡೆ ಹೊರಳಿದರೆ ಗುಡ್ಡಸಾಲು ಶುರುವಾಗುತ್ತದೆ. ಬೆಳಗುತ್ತಿ ಒಂದು ಕಾಲಕ್ಕೆ ಸಿಂದ ಅರಸರು ಆಳಿದ ಊರು. ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಅದರ ಸುಳಿವೂ ಹತ್ತುವುದಿಲ್ಲ. ಅದರಾಚೆ ಕಾಡಿನ ನಡುವೆ ರಾಮೇಶ್ವರನ ಗುಡಿ, ಗುಡಿಯ ಬಳಿ ಕಲ್ಲಿನ ಒಡಲಿಂದ ಬರುವ ನೀರು. ರಾಮ ಬಾಣ ಬಿಟ್ಟು ಬಂಡೆಯಿಂದ ತರಿಸಿದ ನೀರು ಅಂತ ಒಬ್ಬರು ಹೇಳಿದರೆ, ಕಾಶಿಯಿಂದಲೇ ಬರುತ್ತದೆ ಅಂತ ಇನ್ನೊಬ್ಬರು. ಯಾರು ಏನೇ ಹೇಳಲಿ, ವರ್ಷದ 12 ತಿಂಗಳೂ ಅದು ನಿಲ್ಲುವುದಿಲ್ಲ ಅನ್ನುವುದರಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು. ನಾನು ಬೊಗಸೆಯೊಡ್ಡಿ ನಿಂತೆ. ತುಂಬಿತು. ಚೆಲ್ಲಿದೆ, ಮತ್ತೆ ತುಂಬಿತು. ಹುಚ್ಚನ ಹಾಗೆ ಎಷ್ಟು ಸಲ ಮಾಡಿದೆನೋ! ಚೆಲ್ಲಿದ ನೀರಿಗೆ ಯಾರೂ ಬೈಯಲಿಲ್ಲ ಅನ್ನುವುದೇ ನನಗೆ ದೊಡ್ಡ ಸೋಜಿಗ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಗೆ, ಮುಖ ತೊಳೆದ ನೀರು ಕರಿಬೇವಿನ ಗಿಡಕ್ಕೆ.

1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಕಾಗದದ ಮೇಲೆ ಎಲ್ಲ ಒಂದೇ ಜಿಲ್ಲೆ, ನಿಜವಾಗಿ ನೋಡಿದರೆ ಎರಡು ಲೋಕ. ಚಿಕ್ಕವನಿದ್ದಾಗ ಚನ್ನಗಿರಿಯ ಸೂಳೆಕೆರೆ ಕಂಡು ‘ಇದೇನಾ ಸಮುದ್ರ?’ ಅಂತ ಕೇಳಿದ್ದೆನಂತೆ. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಕಣಿವೆಗೆ ಏರಿ ಕಟ್ಟಿ ಹರಿದ್ರಾ ಹಳ್ಳವನ್ನು ತಡೆದು ಅಷ್ಟು ನೀರು ನಿಲ್ಲಿಸಿದ್ದಾರೆ, ಕೆರೆ ಕಟ್ಟಿಸಿದಳು ಅನ್ನುವ ಶಾಂತವ್ವನ ಹೆಸರಲ್ಲಿ ಶಾಂತಿಸಾಗರ ಅಂತಲೂ ಕರೆಯುತ್ತಾರೆ. ನಾನು ಈಜು ಕಲಿತದ್ದೂ ಆ ಕಡೆಯೇ, ಬೇಸಿಗೆ ರಜದಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ಭದ್ರಾ ನಾಲೆಯಲ್ಲಿ. ಆದರೆ ಕೆರೆಯಾಗಲಿ ನಾಲೆಯಾಗಲಿ ಮನುಷ್ಯ ಹಿಡಿದು ಕಟ್ಟಿದ ನೀರು. ಯಾರೂ ಕಟ್ಟದ, ಯಾರೂ ಕರೆಯದ ನೀರಿಗೆ ನಾನು ಅದುವರೆಗೂ ಇಳಿದವನೇ ಅಲ್ಲ.

ತೀರ್ಥ ಕುಡಿದು ಬಾಟಲಿಯೊಂದನ್ನು ತುಂಬಿಕೊಂಡ ಮೇಲೆ ಮಾವ ಹೇಳಿದರು: ‘ಇದು ದೇವರ ನೀರು, ಕುಡಿಯಾಕೆ. ಈಜಾಡೋ ನೀರು ಬ್ಯಾರೆ ಐತೆ. ಬಾ, ತೋರಿಸ್ತೀನಿ. ನಮ್ಮ ಮನ್ಯಾಗೆ ಎಲ್ಲರಿಗೂ ಗೊತ್ತು ಆ ಜಾಗ.’

ಅರಣ್ಯ ಇಲಾಖೆಯವರಿಗೆ ತಿಳಿಸಿಯೇ ಹೊರಟಿದ್ದೆವು. ದಾರಿ ಅಂತ ಇರಲಿಲ್ಲ, ದನಗಳು ತುಳಿದ ಜಾಡು ಅಷ್ಟೇ. ಕಾಲಿಟ್ಟಲ್ಲೆಲ್ಲ ತೇಗದ ಒಣಗಿದ ಎಲೆಗಳು ಹಪ್ಪಳದ ಹಾಗೆ ಮುರಿಯುತ್ತಿದ್ದವು. ಬಿದಿರು ಒಣಗಿ ಹಳದಿಯಾಗಿತ್ತು. ಆ ಬೋಳು ಕಾಡಿನಲ್ಲಿ ಮುತ್ತುಗದ ಮರಗಳು ಮಾತ್ರ ಮೈತುಂಬ ಕೆಂಡ ಹೊತ್ತುಕೊಂಡು ನಿಂತಿದ್ದವು. ಅರ್ಧ ದಾರಿಯಲ್ಲಿ ತಾಂಡಾದ ಅಜ್ಜ ಒಬ್ಬರು ಎಮ್ಮೆ ಮೇಯಿಸುತ್ತಾ ಎದುರಾದರು. ಮಡುವಿನಲ್ಲಿ ನೀರಿದೆಯಾ ಅಂತ ಮಾವ ಕೇಳಿದ್ದಕ್ಕೆ ಅವರು ಬಾಯಿಂದ ಉತ್ತರವನ್ನೇ ಕೊಡಲಿಲ್ಲ, ಕೋಲು ಎತ್ತಿ ಎಮ್ಮೆಗಳನ್ನು ತೋರಿಸಿದರು. ಅವುಗಳ ಹೊಟ್ಟೆಯವರೆಗೂ ಹಸಿ ಕೆಸರು! ಲಂಬಾಣಿಗರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸೂರಗೊಂಡನಕೊಪ್ಪ ಇದೇ ತಾಲ್ಲೂಕಿನದು, ಅವರೂ ದನ ಕಾಯ್ದವರೇ. ಎತ್ತುಗಳ ಮೇಲೆ ಉಪ್ಪು ಧಾನ್ಯ ಹೇರಿಕೊಂಡು ದೇಶ ಸುತ್ತಿದ ಜನಕ್ಕೆ ಯಾವ ಗುಡ್ಡದ ಮಗ್ಗುಲಲ್ಲಿ ನೀರುಂಟು ಅನ್ನುವುದು ಗೊತ್ತಿಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ‘ಮ್ಯಾಲಿನ ಗುಂಡಿಗೆ ಎಮ್ಮೆ ಬಿಡಾಕಿಲ್ಲ, ಕೆಳಗಿಂದಕ್ಕೆ ಬಿಡ್ತೀವಿ. ಮ್ಯಾಲಿಂದು ಮನ್ಸರಿಗೆ’ ಅಂದರು ಅಜ್ಜ. ಆಮೇಲೆ ಸ್ವಲ್ಪ ಹೊತ್ತಿಗೇ ಆ ಸದ್ದು ಕೇಳಿದ್ದು.

ಇಳಿಜಾರಿನಲ್ಲಿ ಬೇರು ಹಿಡಿದು ಹಿಂದಕ್ಕೆ ವಾಲಿಕೊಂಡು ಇಳಿದೆವು. ಒಮ್ಮೆಲೇ ಗಾಳಿ ತಣ್ಣಗಾಯಿತು! ಮೇಲೆ ಬೋಳು ಕಾಡು, ಕೆಳಗೆ ಹಸಿರೋ ಹಸಿರು. ಹೊಳೆಮತ್ತಿ, ಅತ್ತಿ, ನೇರಳೆ, ಆಗಷ್ಟೇ ಚಿಗುರಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಹೊಂಗೆ. ಅವುಗಳ ನೆರಳಲ್ಲಿ, ಮೂರು ಕಡೆ ಬಂಡೆ ಗೋಡೆಯಾಗಿ ನಿಂತ ಜಾಗದಲ್ಲಿ, ಮಡು. ನಮ್ಮ ಮನೆಯ ಅಂಗಳದಷ್ಟು ಇದ್ದೀತು, ಹೆಚ್ಚಿಲ್ಲ. ಮೇಲಿನ ಬಂಡೆಯ ಸಂದಿಯಿಂದ ಕೈಬೆರಳಿನಷ್ಟು ದಪ್ಪದ ಧಾರೆ ಬೀಳುತ್ತಿತ್ತು. ನೀರಿನ ಬಣ್ಣ ಹೇಗೆ ಹೇಳಲಿ? ಅಂಚಿನಲ್ಲಿ ಬಣ್ಣವೇ ಇಲ್ಲ, ನಡುವೆ ಎಳೆ ಹುಣಸೆ ಚಿಗುರಿನ ಹಸಿರು, ಬಂಡೆಯ ಬುಡಕ್ಕೆ ಹೋದಂತೆ ಕಪ್ಪು. ಒಂದು ಮಿಂಚುಳ್ಳಿ ನೀಲಿ ಗೆರೆ ಎಳೆದ ಹಾಗೆ ನಮ್ಮ ಮುಂದೆಯೇ ಹಾರಿಹೋಯಿತು. ನಾನು ಚಪ್ಪಲಿ ಬಿಟ್ಟೆ. ಗುಡಿಯ ಮುಂದೆ ಬಿಡುತ್ತೇವಲ್ಲ, ಹಾಗೆ, ಯಾರೂ ಹೇಳದೆ.

‘ಮ್ಯಾಲಿಂದ ಹಾರಬ್ಯಾಡ, ಬಂಡೆ ಎಲ್ಲೈತೋ ಕಾಣಂಗಿಲ್ಲ. ಕುಂತು ಇಳಿ’ ಅಂದರು ಮಾವ. ಕುಂತೇ ಇಳಿದೆ. ಮೊಣಕಾಲು, ಸೊಂಟ, ಎದೆ. ಎದೆಗೆ ಬಂದಾಗ ಉಸಿರೇ ನಿಂತಂತಾಯಿತು, ಅಷ್ಟು ತಣ್ಣಗೆ! ಮಾಗಿಯ ಬೆಳಗಿನಲ್ಲಿ ಬಂದರೆ ಇದೇ ನೀರು ಬೆಚ್ಚಗಿರುತ್ತದಂತೆ. ಇರಲೇಬೇಕು. ನೆಲದಾಳದಿಂದ ಬರುವ ನೀರು ಬೇಸಿಗೆಗೂ ಚಳಿಗೂ ಹೆಚ್ಚು ಬದಲಾಗುವುದಿಲ್ಲ, ಬದಲಾಗುವುದು ಹೊರಗಿನ ಗಾಳಿ ಮತ್ತು ನಮ್ಮ ಚರ್ಮ. ಸಣ್ಣ ಮೀನುಮರಿಗಳು ಬಂದು ಪಾದವನ್ನು ಮುಟ್ಟಿ ಮುಟ್ಟಿ ನೋಡಿ ಓಡಿದವು. ಅಂಚಿನ ಪಾಚಿಯಲ್ಲಿ ಗೊದಮೊಟ್ಟೆಗಳು. ನಾನು ಉಸಿರು ತುಂಬಿಕೊಂಡು ಮುಳುಗಿದೆ.

ಅಲ್ಲಿ ಕಂಡದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದದ್ದು.

ಮಡುವಿನ ತಳದಲ್ಲಿ, ಬಂಡೆ ಬಂದು ನೆಲಕ್ಕೆ ಕೂಡುವ ಕಡೆ, ಒಂದು ಊಟದ ತಟ್ಟೆಯಷ್ಟು ಜಾಗದಲ್ಲಿ ಮರಳು ಕುಣಿಯುತ್ತಿತ್ತು. ಹೌದು, ಕುಣಿಯುತ್ತಿತ್ತು! ಒಲೆಯ ಮೇಲಿನ ಅನ್ನ ಕೊತಕೊತ ಕುದಿಯುವಾಗ ಅಕ್ಕಿಕಾಳು ಮೇಲೆದ್ದು ಮಗುಚಿ ಮತ್ತೆ ಕೆಳಗೆ ಹೋಗುತ್ತದಲ್ಲ, ಥೇಟ್ ಹಾಗೆ. ಬಿಳಿ ಮರಳಿನ ಕಣಗಳು ಏಳುತ್ತಿದ್ದವು, ಒಂದು ಗೇಣು ಎತ್ತರಕ್ಕೆ ಹೋಗಿ ಸುತ್ತಿ ಬೀಳುತ್ತಿದ್ದವು, ಬಿದ್ದವು ಮತ್ತೆ ಏಳುತ್ತಿದ್ದವು. ನಡುನಡುವೆ ಏನೋ ಬಂಗಾರದ ಹಾಗೆ ಮಿಣಮಿಣ. ಮೇಲಿನ ಧಾರೆ ಬರೀ ತೋರಿಕೆಗೆ, ಮಡುವನ್ನು ತುಂಬುತ್ತಿದ್ದುದು ಈ ಒರತೆ! ಅಂಗೈ ಅದರ ಮೇಲೆ ಹಿಡಿದೆ. ನೀರು ನನ್ನ ಕೈಯನ್ನು ಮೆಲ್ಲಗೆ ಮೇಲಕ್ಕೆ ತಳ್ಳಿತು, ಕರುವೊಂದು ಮೂತಿಯಿಂದ ನೂಕಿದ ಹಾಗೆ. ಉಸಿರು ಕಟ್ಟಿ ಮೇಲೆ ಬಂದೆ, ಮತ್ತೆ ಮುಳುಗಿದೆ. ಎಂಟು ಸಲವೋ ಹತ್ತು ಸಲವೋ. ಮಾವ ದಡದಲ್ಲಿ ಕೂತು ಸುಮ್ಮನೆ ನಗುತ್ತಿದ್ದರು.

ಒಂದು ಹಿಡಿ ಮರಳು ಮೇಲೆ ತಂದು ಬಿಸಿಲಿಗೆ ಹಿಡಿದೆವು. ಹೊಳೆಯುತ್ತಿದ್ದುದು ಕಾಗೆಬಂಗಾರ, ಪದರ ಪದರವಾಗಿ ಉಗುರಿಗೆ ಸುಲಿದು ಬರುವಂಥದ್ದು. ನಿಜವಾದ ಬಂಗಾರವೂ ಈ ಸೀಮೆಗೆ ಹೊಸದಲ್ಲ. ಕುದುರೆಕೊಂಡ, ಪಲವನಹಳ್ಳಿಯ ಸುತ್ತ ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕೆಂದು ಅಗೆದಿದ್ದಾರೆ, ಹೊನ್ನಾಳಿಯ ಹೆಸರಲ್ಲೇ ಹೊನ್ನಿದೆ. ಈ ಗುಡ್ಡಗಳ ಕಲ್ಲಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಮಡಿಚಿ, ಹಿಂಡಿ, ಸೀಳಿ ಬಿಟ್ಟ ಕಲ್ಲು. ಮಳೆಗಾಲದ ನೀರು ಮೇಲಿನ ಕಾಡಿನ ಎಲೆಗೊಬ್ಬರದಲ್ಲಿ ನಿಂತು, ಬೇರಿನ ಜಾಡು ಹಿಡಿದು, ಆ ಸೀಳುಗಳಲ್ಲಿ ಇಳಿಯುತ್ತದೆ, ಕೆಳಗೆ ಇಂಗಲಾರದ ಗಟ್ಟಿ ಕಲ್ಲು ಸಿಕ್ಕಾಗ ಅಡ್ಡಕ್ಕೆ ಹರಿದು ಇಳಿಜಾರಿನಲ್ಲಿ ಬಾಯಿ ಬಿಡುತ್ತದೆ. ಅಂದರೆ ನನ್ನ ಅಂಗೈಯನ್ನು ತಳ್ಳಿದ ನೀರು ಯಾವ ಮಳೆಯದೋ! ಕಳೆದ ವರ್ಷದ ಆರಿದ್ರೆಯದೋ, ಅದಕ್ಕೂ ಹಿಂದಿನ ಪುಷ್ಯದ್ದೋ? ಬಿಸಿಲಿಗೆ ಸಿಗದ ಹಾಗೆ ಕತ್ತಲೆಯಲ್ಲಿ ಇಂಚಿಂಚೇ ನಡೆದು ಬಂದು, ನಾನು ಅಲ್ಲಿರುವ ಹೊತ್ತಿಗೆ ಸರಿಯಾಗಿ ಹೊರಗೆ ಬಿದ್ದಿದೆ.

ಮಡುವಿಗೆ ಹೋಗುವ ದಾರಿಯನ್ನು ನಾನು ಬರೆಯುವುದಿಲ್ಲ. ಸೋಪಿನ ನೊರೆ, ಪ್ಲಾಸ್ಟಿಕ್ ಲೋಟ, ಒಡೆದ ಬಾಟಲಿ ಯಾವ ದಾರಿ ಹಿಡಿದು ಬರುತ್ತವೆ ಅನ್ನುವುದು ಎಲ್ಲ ಜಲಪಾತಗಳ ಬುಡದಲ್ಲೂ ಕಂಡಿದ್ದೇನೆ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದು 2011ರಲ್ಲಿ ಸುಮಾರು 77 ಚದರ ಕಿ.ಮೀ. ಕಾಡನ್ನು ವನ್ಯಧಾಮ ಮಾಡಿದರು. ತಲೆಯ ಮೇಲೆ ನಾಲ್ಕು ಕೊಂಬಿರುವ ಆ ಪುಟ್ಟ ಪ್ರಾಣಿ ನೀರಿನಿಂದ ದೂರ ಹೋಗಿ ಬದುಕಲಾರದು. ಅಂಥ ಎಷ್ಟು ಜೀವಗಳು ರಾತ್ರಿ ಈ ಮಡುವಿಗೆ ಬಾಯಿ ಹಾಕುತ್ತವೋ! ಅಂಚಿನ ಕೆಸರಲ್ಲಿ ಗೊರಸಿನ ಗುರುತುಗಳು ಒಂದರ ಮೇಲೊಂದು ಬಿದ್ದಿದ್ದವು.

ಮೈ ಒರೆಸಿಕೊಳ್ಳುತ್ತಾ ಮಾವನನ್ನು ಕೇಳಿದೆ, ಈ ಹಳ್ಳ ಮುಂದೆ ಎಲ್ಲಿಗೆ ಹೋಗುತ್ತದೆ? ‘ಇನ್ನೆಲ್ಲಿಗೆ? ಹೊಳಿಗೆ.’ ಹೊಳೆ ಅಂದರೆ ತುಂಗಭದ್ರೆ. ಗುಡ್ಡದ ಈಚೆ ಬಿದ್ದ ನೀರು ಹೊನ್ನಾಳಿಯ ಕಡೆ ಹರಿದು ಹೊಳೆ ಸೇರುತ್ತದೆ, ಆಚೆ ಬಿದ್ದದ್ದು ಕುಮುದ್ವತಿಯಾಗಿ ಸುತ್ತಿ ಬಂದು ಅದೇ ಹೊಳೆ ಸೇರುತ್ತದೆ. ನಾನು ಟವೆಲ್ ಹಿಡಿದುಕೊಂಡೇ ನಿಂತೆ. ಹರಿಹರ ತಾಲ್ಲೂಕಿನ ದೀಟೂರಿನ ಬಳಿ ಅದೇ ಹೊಳೆಯಿಂದ ನೀರೆತ್ತಿ ತಾನೇ ನಮ್ಮ ಕಡೆಯ 57 ಕೆರೆಗಳನ್ನು ತುಂಬಿಸುವ ಯೋಜನೆ ಮಾಡಿರುವುದು! ಪೈಪಿನಲ್ಲಿ ನೀರು ಬಂದ ದಿನ ನಮ್ಮೂರ ಕಡೆ ಮುದುಕರು ಕೆರೆ ಅಂಗಳಕ್ಕೆ ಇಳಿದು ಕಣ್ಣೀರು ಹಾಕಿದ್ದನ್ನು ಕಂಡಿದ್ದೇನೆ. ಹೊಳೆಯ ಅಷ್ಟು ನೀರಿನಲ್ಲಿ ಈ ಮಡುವಿನದು ಒಂದು ಹನಿಯೋ ಅರ್ಧ ಹನಿಯೋ. ಆದರೂ ಈ ಮರಳನ್ನು ಕುಣಿಸಿದ ನೀರು ನಮ್ಮ ಕೆರೆಗೂ ಬಂದಿದೆ!

ಮರುದಿನ ಸಂಜೆ ಜಗಳೂರು ತಲುಪಿ ಅವ್ವನ ಕೈಗೆ ತೀರ್ಥದ ಬಾಟಲಿ ಕೊಟ್ಟೆ. ಮಡುವಿನ ಸುದ್ದಿಯನ್ನು ಎಲ್ಲಿಂದ ಶುರು ಮಾಡಲಿ ಅಂತ ನಾನಿನ್ನೂ ಯೋಚಿಸುತ್ತಿದ್ದೆ. ಮದುವೆಯಾಗಿ ಈ ಊರಿಗೆ ಬಂದು 40 ವರ್ಷದ ಮೇಲಾಯಿತು, ಅವ್ವ ಒಂದು ಚೊಂಬು ನೀರನ್ನು ಸುಮ್ಮನೆ ಚೆಲ್ಲಿದ್ದು ನಾನು ನೋಡಿಲ್ಲ. ಬಾಟಲಿಯನ್ನು ದೇವರ ಮುಂದಿಟ್ಟು ಬಂದವಳು ನನ್ನ ಒದ್ದೆ ಟವೆಲ್ ತಗೊಂಡು ಮೂಸಿ ನೋಡಿದಳು. ಮುಖದ ಮೇಲೆ ನಾನೆಂದೂ ಕಾಣದ ಹುಡುಗಿಯೊಬ್ಬಳ ನಗು.

‘ಅಡಿಯಾಗೆ ಮರಳು ಇನ್ನೂ ಕುಣಿತೈತೇನೋ?’ ಅಂತ ಕೇಳಿದಳು.