ಹದಿನಾಲ್ಕು ವರ್ಷದ ಲೆಕ್ಕ

2024ರ ನವೆಂಬರ್‌ನಲ್ಲಿ ತುಮಕೂರಿನ ಸೆಷನ್ಸ್ ನ್ಯಾಯಾಲಯ ಒಂದೇ ಪ್ರಕರಣದಲ್ಲಿ 21 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕು ಕಂದಿಕೆರೆ ಹೋಬಳಿಯ ಗೋಪಾಲಪುರ. 2010ರಲ್ಲಿ ಅಲ್ಲಿ ದಲಿತ ಮಹಿಳೆಯೊಬ್ಬರನ್ನು ಗುಂಪು ಸೇರಿ ಕೊಂದಿದ್ದರು. ತೀರ್ಪು ಬರುವಷ್ಟರಲ್ಲಿ ಆರೋಪಿಗಳಲ್ಲೇ ಕೆಲವರು ತೀರಿಹೋಗಿದ್ದರು. ಮೇಲ್ಮನವಿಯ ದಾರಿ ಬೇರೆ, ಅದು ಇಲ್ಲಿಯ ವಿಷಯವಲ್ಲ. ಇಂಥ ತೀರ್ಪು ಬಂದಾಗಲೆಲ್ಲ ಕೆ.ಬಿ. ಕ್ರಾಸ್‌ನ ಟೀ ಅಂಗಡಿಯಿಂದ ತಿಪಟೂರಿನ ಕೊಬ್ಬರಿ ಮಂಡಿಯವರೆಗೆ ಓಡಾಡುವ ಮಾತುಗಳಿವೆಯಲ್ಲ, ವಿಷಯ ಅವು.

“ಜೀವಾವಧಿ ಅಂದ್ರೆ ಹದಿನಾಲ್ಕು ವರ್ಷ, ಆಮೇಲೆ ಬಂದ್‌ಬಿಡ್ತಾರೆ”

ಬರುವುದಿಲ್ಲ. ಸರ್ಕಾರ ಬಿಟ್ಟರೆ ಬರಬಹುದು, ಅಷ್ಟೇ. ಜೀವಾವಧಿ ಎಂದರೆ ಉಸಿರಿರುವವರೆಗೆ. ಗಾಂಧಿ ಹತ್ಯೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ, ಮಾಫಿಯಾದ ದಿನಗಳನ್ನೂ ಸೇರಿಸಿಕೊಂಡರೆ ತನ್ನ ಅವಧಿ ಮುಗಿದಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದಾಗ, 1961ರಲ್ಲಿ ಕೋರ್ಟು ಇದನ್ನೇ ಹೇಳಿ ಅರ್ಜಿ ತಳ್ಳಿಹಾಕಿತು. ಆತ ಹೊರಗೆ ಬಂದದ್ದು 1964ರಲ್ಲಿ, ಸರ್ಕಾರ ಬಿಟ್ಟ ಮೇಲೆ.

ಹಾಗಾದರೆ ಈ ಹದಿನಾಲ್ಕು ಎಲ್ಲಿಂದ ಬಂತು? 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಸೇರಿತು. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿ ಶಿಕ್ಷೆಯಾದವರನ್ನು ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯದೆ ಬಿಡುವಂತಿಲ್ಲ ಎನ್ನುತ್ತದೆ ಅದು. ಆ ಸಂಹಿತೆಯ ಬದಲು 2024ರ ಜುಲೈನಲ್ಲಿ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ನಿಯಮ 475ನೇ ಕಲಮಾಗಿ ಉಳಿದಿದೆ. ಕಾನೂನು “ಇದಕ್ಕಿಂತ ಮೊದಲು ಬೇಡ” ಎಂದಿದ್ದನ್ನು ಜನ “ಇಷ್ಟಾದರೆ ಸಾಕು” ಎಂದು ತಿರುಗಿಸಿಕೊಂಡರು. 2008ರಲ್ಲಿ, ಬೆಂಗಳೂರಿನ ಸ್ವಾಮಿ ಶ್ರದ್ಧಾನಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಲ್ಲು ತಪ್ಪಿಸಿತು, ಆದರೆ ಸಾಯುವವರೆಗೆ ಬಿಡುವಂತಿಲ್ಲ ಎಂದೂ ಬರೆಯಿತು. ಅಲ್ಲಿ ಹದಿನಾಲ್ಕರ ಮಾತೇ ಇಲ್ಲ.

ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಅಂತ ಎಣಿಸ್ತಾರೆ ಎನ್ನುವವರೂ ಇದ್ದಾರೆ. ಶುದ್ಧ ಕಟ್ಟುಕಥೆ.

“ಸನ್ನಡತೆ ಅಂದ್ರೆ ಬಾಯಿ ಮುಚ್ಕೊಂಡು ಇರೋದು”

ಆಗಸ್ಟ್ 15 ಹತ್ತಿರ ಬಂದಾಗ ಪತ್ರಿಕೆಯಲ್ಲಿ ಬರುವ “ಸನ್ನಡತೆ ಆಧಾರದ ಬಿಡುಗಡೆ” ಎಂಬ ಮಾತು ಈ ಭ್ರಮೆ ಹುಟ್ಟಿಸಿದೆ. ಗಲಾಟೆ ಮಾಡದಿರುವುದು ಬಾಗಿಲವರೆಗೆ ತಲುಪಿಸೀತು, ಆಚೆಗಲ್ಲ. 2000ದ ಲಕ್ಷ್ಮಣ ನಸ್ಕರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ನೋಡಬೇಕಾದ ಅಂಶಗಳನ್ನು ಹೇಳಿದೆ: ಅಪರಾಧ ವ್ಯಕ್ತಿಗಳ ನಡುವಿನದೋ, ಇಡೀ ಸಮಾಜಕ್ಕೆ ತಟ್ಟುವಂಥದ್ದೋ? ಮತ್ತೆ ಮಾಡುವ ಸಾಧ್ಯತೆ ಇದೆಯೇ? ಇನ್ನೂ ಒಳಗಿಟ್ಟರೆ ಏನಾದರೂ ಪ್ರಯೋಜನವಿದೆಯೇ? ಮನೆಯ ಸ್ಥಿತಿ ಹೇಗಿದೆ? ಶಿಕ್ಷೆ ಕೊಟ್ಟ ನ್ಯಾಯಾಲಯದ ಅಭಿಪ್ರಾಯ, ಪೊಲೀಸರ ವರದಿ ಎರಡೂ ಬೇಕು. ಮೊದಲ ಪ್ರಶ್ನೆಯನ್ನು ಗೋಪಾಲಪುರದಂಥ ಪ್ರಕರಣಕ್ಕೆ ಹಚ್ಚಿ ನೋಡಿ. ಜಾತಿಯ ಬಲದಿಂದ ಗುಂಪಾಗಿ ಕೊಂದದ್ದನ್ನು ಇಬ್ಬರ ಜಗಳ ಎನ್ನಲು ಬರುವುದಿಲ್ಲ. ಅಂಥಲ್ಲಿ ಕೈದಿ ತಾನು ಬದಲಾಗಿದ್ದೇನೆ ಎಂದರೆ ಸಾಲದು, ನೊಂದ ಮನೆಯವರು ಅದೇ ಬೀದಿಯಲ್ಲಿ ಹೆದರದೆ ಓಡಾಡುವ ಸ್ಥಿತಿಯೂ ಇರಬೇಕು. ಸುಧಾರಣೆಯ ಬಗ್ಗೆ ಬರೆಯುವವರು ಈ ಅರ್ಧವನ್ನು ಬಿಟ್ಟುಬಿಡುವುದೇ ಹೆಚ್ಚು.

“ಕೊಲೆ ಮಾಡ್ದವನು ಬದಲಾಗಲ್ಲ”

ಇದರ ಎದುರು ಮಾತೂ ಉಂಟು: ಒಳಗೆ ಹೋದವನು ತಾನಾಗಿಯೇ ಬುದ್ಧಿ ಕಲಿತು ಬರುತ್ತಾನೆ. ಎರಡೂ ಸುಳ್ಳು. ವರ್ಷಗಳು ಯಾರನ್ನೂ ತಿದ್ದುವುದಿಲ್ಲ. ಆ ವರ್ಷಗಳಲ್ಲಿ ಕೈಗೆ, ತಲೆಗೆ ಏನು ಸಿಕ್ಕಿತು ಎಂಬುದು ಮುಖ್ಯ.

ನಮ್ಮಲ್ಲೇ ಉದಾಹರಣೆಯಿದೆ. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟಿಮನಿ 1990ರ ದಶಕದ ಕೊನೆಯಿಂದ ಬಳ್ಳಾರಿ, ಮೈಸೂರು ಜೈಲುಗಳ ಕೈದಿಗಳನ್ನು ಕಟ್ಟಿಕೊಂಡು ನಾಟಕ ಮಾಡಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’, ಜಯಂತ ಕಾಯ್ಕಿಣಿ ರೂಪಾಂತರಿಸಿದ ‘ಜೊತೆಗಿರುವನು ಚಂದಿರ’ ಆಡಿದವರು ಜೀವಾವಧಿ ಕೈದಿಗಳು. ಮ್ಯಾಕ್‌ಬೆತ್ ಆಧರಿಸಿ ಎಚ್.ಎಸ್. ಶಿವಪ್ರಕಾಶ್ ಬರೆದ ‘ಮಾರನಾಯಕನ ದೃಷ್ಟಾಂತ’ವನ್ನೂ ಆಡಿದರು. ಅಧಿಕಾರದಾಸೆಗೆ ಕೊಂದು, ಆಮೇಲೆ ನಿದ್ದೆಗೆಟ್ಟವನ ಕಥೆಯನ್ನು ಅವರೇ ಬಾಯಿಪಾಠ ಮಾಡಬೇಕು! ನಾಟಕ ಆಡಿದವರೆಲ್ಲ ಸಾಧುಗಳಾದರು ಎಂದು ನಾನು ಹೇಳುತ್ತಿಲ್ಲ. ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾಯುವುದು, ತನ್ನದಲ್ಲದ ನೋವನ್ನು ತನ್ನ ಬಾಯಲ್ಲಿ ಆಡುವುದು, ಊರ ಜನರ ಮುಂದೆ ಕೈದಿಯಾಗಿ ಅಲ್ಲದೆ ಪಾತ್ರವಾಗಿ ನಿಲ್ಲುವುದು ಇವೆಲ್ಲ ಅಭ್ಯಾಸದಿಂದ ಬರುವಂಥವು, ಗೋಡೆ ನೋಡುತ್ತ ಕೂತರೆ ಬರುವುದಿಲ್ಲ. ಓದಿಗೂ ದಾರಿಯಿದೆ, ಇಗ್ನೋ ಕೈದಿಗಳಿಂದ ಶುಲ್ಕ ಪಡೆಯುವುದಿಲ್ಲ. ಡಿಗ್ರಿ ಆದರೆ ಬಿಟ್ಟುಬಿಡುತ್ತಾರೆ ಎಂಬುದು ಮಾತ್ರ ನಿಜವಲ್ಲ.

ಆದರೆ ಒಂದು ಅಡ್ಡಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದವರಲ್ಲಿ ನೂರಕ್ಕೆ ಸುಮಾರು 76 ಮಂದಿ ವಿಚಾರಣಾಧೀನರು, ಇನ್ನೂ ತಪ್ಪು ಸಾಬೀತಾಗದವರು. ಕೆಲಸ, ತರಬೇತಿ ಎಲ್ಲ ಹೆಚ್ಚಾಗಿ ಸಜಾ ಬಂದಿಗಳಿಗೆ. ಉಳಿದವರಿಗೆ ಮುಂದಿನ ತಾರೀಕು ಕಾಯುವುದೇ ಕೆಲಸ.

“ಸರ್ಕಾರದ ಅನ್ನ ತಿಂದ್ಕೊಂಡು ಮಾವನ ಮನೇಲಿದ್ದಂಗೆ ಇರ್ತಾರೆ”

ಕಠಿಣ ಶಿಕ್ಷೆಯಾದವರು ದುಡಿಯಲೇಬೇಕು. ಆ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕು, ಊಟ ಬಟ್ಟೆಯ ಖರ್ಚು ಅದರಿಂದ ಮುರಿದುಕೊಳ್ಳಬಹುದು, ಒಂದು ಪಾಲು ನೊಂದವರಿಗೆ ಹೋಗುವಂತೆ ಕಾನೂನು ಮಾಡಿ ಎಂದು ಸುಪ್ರೀಂ ಕೋರ್ಟು 1998ರಲ್ಲಿ ಹೇಳಿತು. 2025ರಲ್ಲಿ ಜೀವಾವಧಿ ಶಿಕ್ಷೆಯಾದ ಮಾಜಿ ಸಂಸದರೊಬ್ಬರಿಗೆ ಪರಪ್ಪನ ಅಗ್ರಹಾರದ ಗ್ರಂಥಾಲಯದಲ್ಲಿ ದಿನಕ್ಕೆ 522 ರೂಪಾಯಿಯ ಕೆಲಸ ಕೊಟ್ಟದ್ದು ಸುದ್ದಿಯಾದಾಗ, ಕೈದಿಗೂ ಕೂಲಿ ಉಂಟೇ ಎಂದು ಬೆರಗಾದವರು ಬಹಳ.

“ಪೆರೋಲ್ ಅಂದ್ರೆ ರಜೆ”

ಕನಕಪುರ ತಾಲ್ಲೂಕಿನ ಕೊಲೆ ಅಪರಾಧಿಯೊಬ್ಬರಿಗೆ ಜಮೀನಿನ ಕೆಲಸ ನೋಡಿಕೊಳ್ಳಲು 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ 90 ದಿನ ಪೆರೋಲ್ ಕೊಟ್ಟಿತು. ಹನ್ನೊಂದು ವರ್ಷದಿಂದ ಒಳಗಿದ್ದರು, ಬೇಸಾಯ ನೋಡಲು ಮನೆಯಲ್ಲಿ ಬೇರೆ ಗಂಡಸರಿರಲಿಲ್ಲ. ತೆಂಗಿನ ಸೀಮೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ. ಬೋರು ಬತ್ತಿದರೆ, ನುಸಿ ಬಿದ್ದರೆ, ಕೀಳುವವರು ಸಿಗದಿದ್ದರೆ ತೋಟ ಯಾರ ಶಿಕ್ಷೆ ಮುಗಿಯುವುದಕ್ಕೂ ಕಾಯುವುದಿಲ್ಲ. ಆದರೆ ಪೆರೋಲ್ ಪುಕ್ಕಟೆಯಲ್ಲ. ಪೆರೋಲಿನ ದಿನಗಳನ್ನು ಜೈಲಿನ 14 ವರ್ಷಕ್ಕೆ ಸೇರಿಸುವಂತಿಲ್ಲ ಎಂದು ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ಹೊರಗೆ ಕಳೆದ ತೊಂಬತ್ತು ದಿನವನ್ನು ಒಳಗೆ ತುಂಬಿಕೊಡಬೇಕು.

“ಜೈಲಿಗೆ ಹೋದವನಿಗೆ ತೋಟದಲ್ಲಿ ಪಾಲಿಲ್ಲ”

ಇದನ್ನು ಹೆಚ್ಚಾಗಿ ಹೇಳುವವರು ದಾಯಾದಿಗಳು! ಶಿಕ್ಷೆಯಾದ ಮಾತ್ರಕ್ಕೆ ಪಹಣಿಯಿಂದ ಹೆಸರು ಹೋಗುವುದಿಲ್ಲ, ಪಿತ್ರಾರ್ಜಿತದ ಪಾಲೂ ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮು ತಡೆಯುವುದು ಯಾರನ್ನು ಕೊಂದನೋ ಅವರ ಆಸ್ತಿಗೆ ಕೊಂದವನೇ ವಾರಸುದಾರನಾಗುವುದನ್ನು. ಹೋಗುವುದು ವೋಟು, ಅದೂ ಒಳಗಿರುವಷ್ಟು ಕಾಲ.

ತೋಟದ ಮಾತು ಬಂತೆಂದು ಇನ್ನೊಂದು. ಅಪೀಲಿಗೆ ವಕೀಲರ ಫೀಸು ಹೊಂದಿಸಲು ತೆಂಗಿನ ತೋಟ ಮಾರುವುದೇ ದಾರಿ ಎಂದು ನಂಬಿದ ಮನೆಗಳಿವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಅರ್ಜಿಯನ್ನು ಜೈಲಿನ ಒಳಗಿಂದಲೇ ಕೊಡಬಹುದು, ಮನೆಯವರು ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲೂ ಕೊಡಬಹುದು. ಮಾರುವುದಾದರೆ ಅಲ್ಲಿ ಕೇಳಿದ ಮೇಲೆ ಮಾರಲಿ.